ಡೆನ್ಮಾರ್ಕಿನ ಗೋಲ್‌ಕೀಪರೂ ಡಬ್ಲಿನ್ನಿನ ನಾನೂ

ಪೇಚಿನ ಪ್ರಸಂಗಗಳು ನನ್ನಂಥವರನ್ನೇ ಹುಡುಕಿಕೊಂಡು ಬರುತ್ತವೋ ಏನೋ, ಶನಿವಾರ ಬಂತೆಂದರೆ ಕ್ಯಾಲಿಫೋರ್ನಿಯಾದ ಡಬ್ಲಿನ್ನಿನ ಪಾರ್ಕಿನಲ್ಲಿ ನನಗೊಂದು ಕಾದೇ ಇರುತ್ತದೆ. ಅಲ್ಲಿ ನಾವು ಕನ್ನಡದವರು ಫುಟ್‌ಬಾಲ್ ಆಡುತ್ತೇವೆ. ಓಡಲು ಆಗದ್ದರಿಂದ ನಾನು ಗೋಲ್‌ಕೀಪರ್. ಆ ಜಾಗ ಹೋಯಿತೋ, ಶನಿವಾರ ಪೂರ್ತಿ ಹೆಂಡತಿಯ ಕಣ್ಣೆದುರು ಗ್ಯಾರೇಜು ಕ್ಲೀನ್ ಮಾಡಬೇಕು.

ಬೀಳುವ ವಿಚಾರ

ಒಮ್ಮೆ ಚೆಂಡು ವಾಕಿಂಗ್ ಹೊರಟಂತೆ ನಿಧಾನವಾಗಿ ನನ್ನ ಪಕ್ಕದಲ್ಲೇ ಗೋಲಿನೊಳಗೆ ಹೋಯಿತು. ಮಂಗಳೂರಿನ ಕಡೆಯ ನಮ್ಮ ಕ್ಯಾಪ್ಟನ್ ಓಡಿಬಂದ.

"ಎಂತ ಮಾರಾಯ್ರೆ, ಸ್ವಲ್ಪ ಬೀಳ್ಲಿಕ್ಕೆ ಏನಾಗಿತ್ತು ನಿಮಗೆ?"

"ನೂರಿಪ್ಪತ್ತು ವರ್ಷದ ಹಿಂದೆ ಡೆನ್ಮಾರ್ಕಿನಲ್ಲಿ ಒಬ್ಬ ಮಹಾ ಗೋಲ್‌ಕೀಪರ್ ಇದ್ದ. ಉಣ್ಣೆ ಸ್ವೆಟರು, ಉಣ್ಣೆ ಟೋಪಿ. ಜೀವಮಾನದಲ್ಲಿ ಒಮ್ಮೆಯೂ ಬಿದ್ದವನಲ್ಲ. ನನ್ನದು ಅವನ ಸ್ಟೈಲು," ಎಂದೆ.

ನಾನು ಕಂಡಿದ್ದು ಯಾವುದೋ ಹಳೆಯ ಫೋಟೋ ಮಾತ್ರ. ಕ್ಯಾಪ್ಟನ್ ನಂಬಿದ. ಮುಂದಿನ ವಾರ, ಸುಡುಬಿಸಿಲಲ್ಲಿ, ನನಗೊಂದು ಉಣ್ಣೆ ಟೋಪಿ ತಂದುಕೊಟ್ಟ.

ಕೈಯ ವಿಚಾರ

ಇನ್ನೊಮ್ಮೆ ಮೈದಾನದ ನಡುವಿನ ತನಕ ಹೋಗಿ ಚೆಂಡನ್ನು ಕೈಯಲ್ಲಿ ಹಿಡಿದೆ. ಅವತ್ತು ರೆಫರಿಯ ಸೀಟಿ ಹುಬ್ಬಳ್ಳಿಯ ಹಿರಿಯರೊಬ್ಬರ ಬಾಯಲ್ಲಿತ್ತು.

"ಕೈ ಯಾಕ ಹಚ್ಚಿದ್ರಿ?"

"ಆ ಕಾಲದಲ್ಲಿ ಗೋಲ್‌ಕೀಪರ್ ಅರ್ಧ ಮೈದಾನದವರೆಗೂ ಕೈಯಲ್ಲಿ ಹಿಡಿಯಬಹುದಿತ್ತು ಸರ್. ಡೆನ್ಮಾರ್ಕಿನವನು ಆಡಿದ್ದೇ ಹಾಗೆ."

"ಹಂಗಾದ್ರ ಆ ಕಾಲಕ್ಕ ಹೋಗಿ ಆಡ್ರಿ. ಈಗ ಹೊರಗ ನಡೀರಿ."

ನಾನು ಹೇಳಿದ್ದರಲ್ಲಿ ಆ ಹಳೆಯ ನಿಯಮವೊಂದೇ ನಿಜ. ಅದನ್ನೊಂದನ್ನೇ ಯಾರೂ ನಂಬಲಿಲ್ಲ.

ಸಾಕ್ಷಿ

ಕಳೆದ ತಿಂಗಳು ಕ್ಯಾಪ್ಟನ್ ತನ್ನ ಮೌಂಟನ್ ವ್ಯೂ ಆಫೀಸಿನವನೊಬ್ಬನನ್ನು ಕರೆತಂದ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಕೈಯಲ್ಲಿ ಹೊಸ ಗ್ಲೌಸು.

"ಇವರು ಡೆನ್ಮಾರ್ಕಿನವರೇ! ನಿಮ್ಮ ಗೋಲ್‌ಕೀಪರ್ ಬಗ್ಗೆ ಕೇಳುವ."

ಗ್ಯಾರೇಜಿನ ಪೊರಕೆ ಕಣ್ಣಮುಂದೆ ಬಂತು.

ಕ್ಯಾಪ್ಟನ್ ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿದ. ಆತ ನನ್ನನ್ನು ನೋಡಿದ. ಆಮೇಲೆ ನನ್ನ ಹಿಂದಿದ್ದ ಗೋಲನ್ನು ನೋಡಿದ.

"ಗೊತ್ತಿಲ್ಲದೆ ಏನು? ನಮ್ಮ ಮುತ್ತಜ್ಜನ ಪಕ್ಕದ ಮನೆಯವರು!"

ಪೊರಕೆ ಮಾಯವಾಯಿತು. ಎಂಥ ಒಳ್ಳೆಯ ಮನುಷ್ಯ!

"ಅವರ ದೊಡ್ಡತನವೆಲ್ಲ ಇದ್ದದ್ದು ಕೊನೆಯಲ್ಲಿ," ಆತ ಮುಂದುವರಿಸಿದ. "ಎತ್ತರದ ಹುಡುಗನೊಬ್ಬ ಬಂದ ದಿನವೇ ತಾವಾಗಿ ಜಾಗ ಬಿಟ್ಟುಕೊಟ್ಟರು. ಆಮೇಲೆ ಸಾಯುವ ತನಕ ಹಾಫ್‌ಟೈಮಿನಲ್ಲಿ ಟೀಮಿಗೆ ಕಿತ್ತಳೆ ಹಂಚಿದರು. ನಮ್ಮೂರಲ್ಲಿ ಇವತ್ತಿಗೂ ನೆನೆದು ಅಳುತ್ತಾರೆ."

ಹೇಳುತ್ತಲೇ ಗ್ಲೌಸು ಏರಿಸಿಕೊಂಡು ಗೋಲಿನ ಕಡೆ ನಡೆದ.

ಕ್ಯಾಪ್ಟನ್ನಿನ ಕಣ್ಣು ಒದ್ದೆಯಾಗಿತ್ತು. ನನ್ನ ಭುಜದ ಮೇಲೆ ಕೈಯಿಟ್ಟು ಕೇಳಿದ:

"ಮಾರಾಯ್ರೆ, ಬರುವ ಶನಿವಾರ ಕಿತ್ತಳೆ ಸುಲಿದು ತರ್ತೀರಾ, ಇಡಿಯಾಗಿ ತರ್ತೀರಾ?"