ಇಸ್ತ್ರಿ ಮೇಜಿನಿಂದ ಒಂದು ಟೇಕಾಫ್

"ಭಾನುವಾರ ಸಂಜೆ ನಾಲ್ಕಕ್ಕೆ ಇದೇ ಇಸ್ತ್ರಿ ಮೇಜಿನ ಮೇಲಿಂದ ಯುದ್ಧವಿಮಾನ ಹಾರುತ್ತೆ! ಯೋಗ ಇದ್ದವರು ಬಂದು ನೋಡ್ಕೊಳ್ಳಿ!" ಎಂದು ಕ್ಯಾಪ್ಟನ್ ಘೋಷಿಸಿಬಿಟ್ಟ.

ಅವನು ಕ್ಯಾಪ್ಟನ್ ಏನಲ್ಲ. ವಿಮಾನಗಳನ್ನು ಹೊತ್ತು ಸಾಗುವ ಭಾರಿ ಯುದ್ಧನೌಕೆಯಲ್ಲಿ ಆರು ವರ್ಷ ಇದ್ದು ಬಂದು, ಈಗ ಮನೆಯಲ್ಲೇ ಲಾಂಡ್ರಿ ನಡೆಸುತ್ತಿದ್ದ. ಬೀದಿಯವರು ಪ್ರೀತಿಯಿಂದ ಕೊಟ್ಟ ಬಿರುದನ್ನು ಬೇಡವೆನ್ನುವಷ್ಟು ಒರಟನಲ್ಲ, ಅಷ್ಟೆ! ಮುಂದಿನ ಕೋಣೆಯ ಗಾಜಿನ ಕಪಾಟಿನಲ್ಲಿ ಹನ್ನೊಂದು ವಿಮಾನಗಳಿದ್ದವು. ಅಂಗೈಯಗಲದ ಲೋಹದ ಮಾದರಿಗಳು. ನೌಕೆಯ ಮೇಲಿಂದ ಹಾರುವ ಜಾತಿಯವು ಮಾತ್ರ. ರೆಕ್ಕೆ ಮಡಿಸಬಹುದು, ಚಕ್ರ ಉರುಳಿಸಬಹುದು. ನಿಜವಾದ ವಿಮಾನ ಇಳಿಯುವಾಗ ಅಡ್ಡ ತಂತಿಗೆ ಸಿಕ್ಕಿಸಿಕೊಂಡು ನಿಲ್ಲುತ್ತದಲ್ಲ, ಆ ಬಾಲದ ಕೊಕ್ಕೆಯೂ ಇತ್ತು. ಒಂದೊಂದನ್ನೇ ಕಿಟಕಿಯ ಬಳಿ ಒಯ್ದು, ಒಂದು ಕಣ್ಣು ಮುಚ್ಚಿ, ಹಿಂದೆ ಬರೀ ಆಕಾಶ ಕಾಣುವ ಹಾಗೆ ಎತ್ತಿ ಹಿಡಿದು ನಿಂತನೆಂದರೆ ಇಸ್ತ್ರಿಪೆಟ್ಟಿಗೆ ಬಟ್ಟೆ ಸುಟ್ಟ ವಾಸನೆ ಬಂದ ಮೇಲೇ ಅವನು ಈ ಲೋಕಕ್ಕೆ ಬರುತ್ತಿದ್ದದ್ದು.

ಯಾರಿಗೂ ಹೇಳದ ಒಂದು ಮಾತಿತ್ತು. ಆರು ವರ್ಷದಲ್ಲಿ ಅವನು ಒಂದೇ ಒಂದು ವಿಮಾನ ಹಾರಿದ್ದನ್ನೂ ನೋಡಿರಲಿಲ್ಲ! ಹಡಗಿನ ಲಾಂಡ್ರಿ ನಾಲ್ಕು ಅಂತಸ್ತು ಕೆಳಗೆ. ಹಾರಾಟದ ಹೊತ್ತಿನಲ್ಲಿ ಕೆಲಸವಿಲ್ಲದವರು ಮೇಲೆ ಹೋಗುವಂತಿಲ್ಲ. ವಿಮಾನವನ್ನು ಮುಂದಕ್ಕೆಸೆಯುವ ಯಂತ್ರಕ್ಕೂ ಇವನ ಇಸ್ತ್ರಿಗೂ ಒಂದೇ ಬಾಯ್ಲರಿನ ಆವಿ. ಮೇಲೆ ಗುಡುಗಿದಾಗ ಇಲ್ಲಿ ಮೇಜಿನ ಮೇಲಿನ ಗುಂಡಿಗಳು ಕುಣಿಯುತ್ತಿದ್ದವು, ಆವಿ ಉಸ್ಸೆಂದು ಇಳಿಯುತ್ತಿತ್ತು. "ಒಂದು ಹೋಯಿತು" ಎಂದು ಸೂರು ನೋಡಿ ಎಣಿಸಿಕೊಳ್ಳುತ್ತಿದ್ದ. ಪೈಲಟ್‌ಗಳ ಮುಖ ಗೊತ್ತಿಲ್ಲ, ಕಾಲರಿನ ಬೆವರು ಗೊತ್ತು. ಹೀಗೆ ಹಾರಾಟ ನೋಡದವನ ಹಾರಿಕೆಯ ಮಾತಿನ ಮೇಲೇ ಬೀದಿಯ ಕೀರ್ತಿಯೆಲ್ಲ ನಿಂತಿತ್ತು.

ಅದಕ್ಕೆ ಕಲ್ಲು ಹಾಕಿದವಳು ಹೆಂಡತಿಯ ಅಕ್ಕ. ನಿವೃತ್ತ ಲೆಕ್ಕದ ಮೇಡಂ.

"ಕ್ಯಾಪ್ಟನ್ನರೇ, ಅಷ್ಟು ಚಿಕ್ಕ ಜಾಗದಿಂದ ಅಷ್ಟು ಭಾರದ್ದು ಹೇಗೆ ಏಳುತ್ತೆ? ಕೈ ಬೀಸೋದು ಬೇಡ, ಹಂತ ಹಂತವಾಗಿ ಬಿಡಿಸಿ ಹೇಳಿ."

ಹಂತ ಗೊತ್ತಿದ್ದರಲ್ಲವೇ ಹೇಳುವುದು! ಬಾಯಿ ಒಣಗಿತು. ಒಣಗಿದ ಬಾಯಿಂದಲೇ ಹೊರಬಿದ್ದದ್ದು ಆ ಭಾನುವಾರದ ಘೋಷಣೆ.

ಭಾನುವಾರ ಮೇಜನ್ನು ಹಿತ್ತಿಲ ಬಾಗಿಲಿಗೆ ಎದುರಾಗಿ ತಿರುಗಿಸಲಾಯಿತು. ಹಲಗೆಗಳ ಸಂದಿನಿಂದ ಮೇಲೆ ಬಂದ ಎಲಾಸ್ಟಿಕ್ ವಿಮಾನದ ಮುಂಚಕ್ರಕ್ಕೆ ಸಿಕ್ಕಿತು. ಜಗ್ಗಿ ಬಿಡಬೇಕಾದದ್ದು ಕೆಳಗಿನಿಂದ. ಆವಿಗೆ ಸ್ಟೀಮ್ ಇಸ್ತ್ರಿಯೂ ಕೆಳಗೇ. ನೋಡಲು ಬಂದದ್ದು ಲೆಕ್ಕದ ಮೇಡಂ ಒಬ್ಬಳೇ; ಹಿತ್ತಿಲಲ್ಲಿ ಒಣಗುತ್ತಿದ್ದ ಬಟ್ಟೆಗಳ ಪಕ್ಕ ನಿಂತಳು.

"ರೀ, ಆ ಎಲಾಸ್ಟಿಕ್ ಯಾರದ್ದು?" ಹೆಂಡತಿ ಕೇಳಿದಳು.

"ರಾಷ್ಟ್ರದ್ದು!"

"ವ್ಯಾಯಾಮದ ಮೇಷ್ಟ್ರು ನಾಳೆ ಬಂದು ಪ್ಯಾಂಟ್ ಕೇಳಿದ್ರೆ ರಾಷ್ಟ್ರಗೀತೆ ಹಾಡಿ ಕಳಿಸ್ತೀರಾ?"

ಮಹಾಕಾರ್ಯಕ್ಕೆ ಹೊರಟವರು ಇಂಥ ಸಣ್ಣ ಪ್ರಶ್ನೆಗೆ ಉತ್ತರಿಸುವುದಿಲ್ಲ. ಕ್ಯಾಪ್ಟನ್ ಮೇಜಿನ ಕೆಳಗೆ ತೂರಿ ಕುಳಿತು, ಉಸಿರು ಬಿಗಿಹಿಡಿದು ಜಗ್ಗಿದ. "ಟೇಕಾಫ್!" ಎಂದು ಬಿಟ್ಟ.

ತಲೆಯ ಮೇಲೆ ಹಲಗೆ ಗಡಗಡಿಸಿತು. ಆಮೇಲೆ "ಅಯ್ಯಯ್ಯೋ!" ಎಂಬ ಎರಡು ಸ್ವರ. ಆಮೇಲೆ ಧೊಪ್ಪೆಂದು ಏನೋ ಬಿತ್ತು.

ಎದ್ದ ರಭಸಕ್ಕೆ ಹಣೆ ಮೇಜಿಗೆ ಬಡಿಯಿತು. ಹಣೆ ಉಜ್ಜಿಕೊಳ್ಳುತ್ತ ಹೊರಗೆ ಬಂದು ನೋಡಿದರೆ, ವಿಮಾನ ಬಾಗಿಲು ದಾಟಿ, ಹಿತ್ತಿಲಲ್ಲಿ ಬಟ್ಟೆ ಒಣಗಿಸುವ ತಂತಿಗೆ ಬಾಲದ ಕೊಕ್ಕೆ ಸಿಕ್ಕಿಸಿಕೊಂಡು, ಶಾಸ್ತ್ರೋಕ್ತವಾಗಿ ಇಳಿದಿತ್ತು! ತಂತಿಯ ಮೊಳೆ ಮಾತ್ರ ಆ ಗೌರವ ತಡೆಯಲಾರದೆ ಕಿತ್ತು ಬಂದಿತ್ತು. ಹೋಟೆಲಿನ ಇಪ್ಪತ್ತೆರಡು ಬಿಳಿ ಬೆಡ್‌ಶೀಟುಗಳು ಕೆಸರಿನಲ್ಲಿ. ಅವುಗಳ ಅಡಿಯಲ್ಲಿ ಲೆಕ್ಕದ ಮೇಡಂ.

"ಎಷ್ಟು ಚೆಂದ ಹೋಯ್ತು ರೀ!" ಹೆಂಡತಿ ಚಪ್ಪಾಳೆ ತಟ್ಟುತ್ತಿದ್ದಳು.

"ಮೊದಲು ಸ್ವಲ್ಪ ಇಳೀತು, ಆಮೇಲೆ ಮೂತಿ ಎತ್ತಿತು!" ಎಂದಿತು ಬೆಡ್‌ಶೀಟು.

ಕ್ಯಾಪ್ಟನ್‌ಗೆ ಕೆಸರೂ ಕಾಣಲಿಲ್ಲ, ಹೋಟೆಲಿನವನ ಬೈಗುಳವೂ ನೆನಪಾಗಲಿಲ್ಲ.

"ಇಳೀತಾ? ಎಷ್ಟು ಇಳೀತು? ಮೂತಿ ಎಲ್ಲಿ ಎತ್ತಿತು? ಸರಿಯಾಗಿ ಹೇಳೇ!"

"ಆರು ವರ್ಷ ದಿನಾ ನೋಡಿದೋರು ನನ್ನ ಕೇಳ್ತೀರಲ್ರೀ!"

ಅವನು ಹೊಸ್ತಿಲ ಮೇಲೆ ಕುಳಿತುಬಿಟ್ಟ.

"ನೋಡಿಲ್ಲ ಕಣೆ. ಒಂದೂ ನೋಡಿಲ್ಲ. ನಾನು ಕೆಳಗೆ ಇಸ್ತ್ರಿ ಹಾಕ್ತಿದ್ದೆ. ಕೇಳಿಸ್ತಿತ್ತು, ಅಷ್ಟೆ. ಇವತ್ತೂ ಅಷ್ಟೆ ಆಯ್ತು."

ಹೆಂಡತಿ ನಗುತ್ತಾಳೆಂದು ಕಾದ. ಅವಳು ನಗಲಿಲ್ಲ. ನೆಟ್ಟಗೆ ಒಳಗೆ ಹೋದಳು. ಕಪಾಟು ತೆರೆದು, ಅವನು ಒರೆಸಲೂ ಹೆದರುತ್ತಿದ್ದ ಬೂದುಬಣ್ಣದ ವಿಮಾನವನ್ನೇ ಆರಿಸಿ ತಂದು ಮೇಜಿನ ಮೇಲಿಟ್ಟಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಜಿನ ಕೆಳಗೆ ತೂರಿದಳು.

"ಅಲ್ಲಿ ಪಕ್ಕದಲ್ಲಿ ನಿಂತ್ಕೊಳ್ಳಿ. ಇವತ್ತು ನೀವು ಮೇಲೆ, ನಾನು ಕೆಳಗೆ. ಅಕ್ಕಾ, ಬಾಗಿಲಿಂದ ಸರಿ!"

ಕ್ಯಾಪ್ಟನ್ ಮೇಜಿನಂಚಿಗೆ ಬಾಗಿ, ಕಣ್ಣು ಮಿಟುಕಿಸದೆ ನಿಂತ. ಕೆಳಗಿಂದ ಉಸ್ಸೆಂದು ಆವಿ ಎದ್ದಿತು. ಎದ್ದದ್ದೇ ಅವನ ಕನ್ನಡಕದ ಮೇಲೆ ಕೂತಿತು. ಜಗತ್ತೆಲ್ಲ ಬಿಳಿ! ವಿಮಾನವಿಲ್ಲ, ಬಾಗಿಲಿಲ್ಲ, ಏನೂ ಇಲ್ಲ.

"ಕಂಡಿತಾ ರೀ?" ಕೆಳಗಿಂದ ಹೆಂಡತಿಯ ದನಿ, ಆಸೆ ತುಂಬಿಕೊಂಡು.

ಹೋಯಿತು, ಇದೂ ಹೋಯಿತು ಎಂದುಕೊಂಡ. ಆದರೆ ಮಂಡಿಯೂರಿ ಕುಳಿತ ಈ ಹೆಂಗಸಿಗೆ ಇಲ್ಲವೆನ್ನುವುದು ಹೇಗೆ?

"ಕಂಡಿತು ಕಣೆ! ಆಹಾ! ಮೊದಲು ಸ್ವಲ್ಪ ಇಳೀತು, ಆಮೇಲೆ ಮೂತಿ ಎತ್ತಿ, ಬಾಣದ ಹಾಗೆ, ಸೀದಾ ಆಕಾಶಕ್ಕೆ! ಜನ್ಮ ಸಾರ್ಥಕ ಆಯ್ತು!"

ಹೆಂಡತಿ ಮೇಜಿನ ಕೆಳಗಿಂದ ತಲೆ ಹೊರಹಾಕಿದಳು.

"ನಾನು ಕೇಳಿದ್ದು ಆವಿ ಕಂಡಿತಾ ಅಂತ. ಕನ್ನಡಕ ಒರೆಸ್ಕೊಳ್ರೀ, ಕ್ಯಾಪ್ಟನ್ನರೇ. ವಿಮಾನ ಇನ್ನೂ ಬಿಟ್ಟೇ ಇಲ್ಲ!"