ಪ್ರೇಮಾನಂದರ ದಪ್ಪ ಪುಸ್ತಕ

ಕುಂಭಾಶಿಯ ಪ್ರೇಮಾನಂದರು ಮೈಕ್ರೋಕಂಟ್ರೋಲರ್ ವಿದ್ಯೆ ಕಲಿತೇ ತೀರುತ್ತೇನೆಂದು ಪ್ರತಿಜ್ಞೆ ಮಾಡಿದ್ದು ತಮ್ಮ ಮನೆಯ ತಾರಸಿಯ ಮೇಲೆ, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತುಕೊಂಡು. ಒಂದು ಕೈಯಲ್ಲಿ ಎತ್ತಿ ಹಿಡಿದ ಲುಂಗಿ, ಇನ್ನೊಂದು ಕೈಯಲ್ಲಿ ಒದ್ದೆ ಹಪ್ಪಳ. ಯಕ್ಷಗಾನದ ರಾಜವೇಷದವನೂ ಇಷ್ಟು ಗಂಭೀರವಾಗಿ ಪ್ರತಿಜ್ಞೆ ಮಾಡಿರಲಿಕ್ಕಿಲ್ಲ. ಇಷ್ಟು ಒದ್ದೆಯಾಗಿ ಅಂತೂ ಮಾಡಿಯೇ ಇರಲಿಕ್ಕಿಲ್ಲ.

ಆದದ್ದು ಇಷ್ಟೇ. ಬೆಳಿಗ್ಗೆ ಪಂಪಿನ ಸ್ವಿಚ್ ಹಾಕಿದವರಿಗೆ ಬೈಂದೂರಿನ ಒಬ್ಬ ದೋಣಿ ಮಾಲೀಕರ ಫೋನು ಬಂತು. ಪ್ರೇಮಾನಂದರದ್ದು ಕುಂದಾಪುರ ಪೇಟೆಯಲ್ಲಿ ಬಲೆ, ಹಗ್ಗದ ಅಂಗಡಿ. ಹಗ್ಗದ ಮಾತು ಶುರುವಾದರೆ ಅವರಿಗೆ ಲೋಕ ಮರೆಯುತ್ತದೆ. ಆ ಮಾತು ಮುಗಿಯುವಷ್ಟರಲ್ಲಿ ಟ್ಯಾಂಕು ತುಂಬಿ, ಉಕ್ಕಿ, ತಾರಸಿಯಲ್ಲಿ ಹೆಂಡತಿ ಸರೋಜ ಒಣಹಾಕಿದ್ದ ಹಲಸಿನ ಹಪ್ಪಳದ ಚಾಪೆಗೆ ನೆರೆ ಬಂದಿತ್ತು.

"ಹ್ವಾಯ್, ಇದ್ ಹಪ್ಪಳ, ಮೀನಲ್ಲ. ಇದಕ್ಕೆ ಈಜುಕೆ ಬತ್ತಿಲ್ಲೆ" ಎಂದರು ಸರೋಜ.

ಸರೋಜರ ಹಪ್ಪಳವೆಂದರೆ ಸಾಮಾನ್ಯದ್ದಲ್ಲ. ಅವರು ಹುಟ್ಟಿ ಬೆಳೆದದ್ದು ಮುಂಬೈಯಲ್ಲಿ. ಅಲ್ಲಿ ಕ್ಯಾಂಟೀನು ನಡೆಸುವ ತಮ್ಮ ರವಿಚಂದ್ರ ಪ್ರತಿ ಬೇಸಿಗೆ ಊರಿಗೆ ಬಂದು, ಅಕ್ಕನ ಹಪ್ಪಳದ ಕಟ್ಟುಗಳನ್ನು ಹೊತ್ತುಕೊಂಡು ಹೋಗಿ ಅಲ್ಲಿನ ನೆಂಟರಿಗೆಲ್ಲ ಹಂಚುತ್ತಾನೆ. ಹಪ್ಪಳ ಬಾರದ ವರ್ಷ ಮುಂಬೈಯಲ್ಲಿ ಈ ಮನೆಯ ಮಾನ ಉಳಿಯುವುದಿಲ್ಲ. ಹಾಗಾಗಿ ಸುದ್ದಿ ಕೂಡಲೇ ಅವನಿಗೆ ಮುಟ್ಟಿತು.

"ಭಾವ, ಅದಕ್ಕೆ ಬಜಾರಲ್ಲಿ ರೆಡಿಮೇಡ್ ಡಬ್ಬಿ ಸಿಕ್ತತ್ತ್" ಎಂದ ರವಿಚಂದ್ರ ಫೋನಿನಲ್ಲಿ. "ಟಾಕಿ ತುಂಬ್ರೆ ಪಂಪ್ ತನ್ನಷ್ಟಕ್ಕೆ ಬಂದ್. ಊರಿಗ್ ಬಪ್ಪತಿಗೆ ಒಂದ್ ತಕಂಡ್ ಬತ್ತೆ."

ರೆಡಿಮೇಡ್ ಎಂಬ ಮಾತು ಪ್ರೇಮಾನಂದರ ಎದೆಗೆ ನಾಟಿತು. ಸ್ವಂತ ಕೈಯಲ್ಲಿ ಬಲೆ ಹೆಣೆದ ವಂಶ ಅವರದ್ದು. "ಡಬ್ಬಿ ತಂದ್ರೆ ನಿನ್ನ ಮನಿ ಒಳ್ಗ್ ಬಿಡುದಿಲ್ಲ ರವಿ. ನೀ ಬಪ್ಪತಿಗೆ ನಾನೇ ಮಾಡಿ ಇಡ್ತೆ. ಇನ್ನೊಂದ್ ಹನಿ ನೀರ್ ಹಪ್ಪಳದ ಮೇಲ್ ಬಿದ್ರೆ ನನ್ನ ಹೆಸ್ರ್ ಪ್ರೇಮಾನಂದ ಅಲ್ಲ."

"ಮತ್ತೆಂತ ಹೇಳಿ ಕರಿಯುದ್?" ಸರೋಜ ಪಕ್ಕದಿಂದ ವಿಚಾರಿಸಿದರು.

ಪಂಪಿಗೆ ಓಡು, ನಿಲ್ಲು ಎಂದು ಅಪ್ಪಣೆ ಕೊಡುವ ಪುಟ್ಟ ಎಲೆಕ್ಟ್ರಾನಿಕ್ ಚಿಪ್ಪಿನ ಈ ವಿದ್ಯೆ ಕಲಿಯುವುದೇನೋ ನಿಶ್ಚಯವಾಯಿತು. ಯಾವ ಪುಸ್ತಕದಿಂದ ಕಲಿಯುವುದು? ಇವರ ಮಗಳು ಸೌಜನ್ಯ ಬ್ರಹ್ಮಾವರದ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವಳು. ಅವಳಿಗೇ ಹೇಳಿದ್ದರೆ ಅರ್ಧ ದಿನದ ಕೆಲಸ. ಆದರೆ ಆಗ ಅದು ಮಗಳು ಮಾಡಿದ್ದು ಎಂದಾಗುತ್ತದೆ, ಅಪ್ಪ ಮಾಡಿದ್ದು ಎಂದಾಗುವುದಿಲ್ಲ. ಪುಸ್ತಕ ಯಾವುದೆಂದು ಮಾತ್ರ ಕೇಳಿದರು. ಭಾನುವಾರ ಬಂದವಳು ಒಂದು ಪುಟ್ಟ ಕನ್ನಡ ಪುಸ್ತಕವನ್ನೂ ಆ ಚಿಪ್ ಕೂರಿಸಿದ ಅಂಗೈಯಗಲದ ಒಂದು ಬೋರ್ಡನ್ನೂ ಕೈಗಿತ್ತಳು.

"ಅಪ್ಪಯ್ಯ, ಸುರುವಿಗೆ ಈ ಸಪೂರ ಪುಸ್ತಕ ಸಾಕ್. ಒಂದ್ ಪಾಠ ಓದುದ್, ಅದನ್ನ ಬೋರ್ಡಿನ ಮೇಲ್ ಮಾಡಿ ಕಾಣುದ್, ಮತ್ತೆ ಮುಂದಿನ್ ಪಾಠ. ಹತ್ತ್ ಕಡೆ ಕೈ ಹಾಕುದ್ ಬೇಡ."

ಪ್ರೇಮಾನಂದರು ಪುಸ್ತಕವನ್ನು ತೆರೆಯಲಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಹಿಸುಕಿದರು. ಜೀವಮಾನವೆಲ್ಲ ಹಗ್ಗ ಆರಿಸಿದ ಬೆರಳುಗಳು ಅವು. ಅವಕ್ಕೆ ಗೊತ್ತಿರುವುದು ಒಂದೇ ಶಾಸ್ತ್ರ: ದಪ್ಪಗಿದ್ದರೆ ತಡೆಯುತ್ತದೆ, ಸಪೂರವಾದರೆ ಹರಿಯುತ್ತದೆ.

"ಇದ್ ಬಾಳ್ಕೆ ಬಪ್ಪುದಲ್ಲ ಮಗಾ. ಇದ್ರಗೆ ದೋಣಿ ಕಟ್ರೆ ದೋಣಿ ಗೋವೆಗ್ ಹೋಯಿ ನಿಲ್ತ್" ಎಂದು ತೀರ್ಪು ಕೊಟ್ಟು, ಅದನ್ನು ತಮ್ಮ ಮೇಜಿನ ಕುಂಟು ಕಾಲಿನ ಅಡಿಗೆ ಇಟ್ಟರು. ಮೇಜು ಅಲುಗಾಡುವುದು ನಿಂತಿತು. ಪುಸ್ತಕದಿಂದ ಇಷ್ಟಾದರೂ ಉಪಕಾರವಾಯಿತಲ್ಲ ಎಂದು ಅವರಿಗೆ ಸಮಾಧಾನವೂ ಆಯಿತು.

ಮರುದಿನವೇ ಉಡುಪಿಗೆ ದಂಡಯಾತ್ರೆ. ಪುಸ್ತಕದಂಗಡಿಯವನು "ಹೊಸದಾಗಿ ಕಲಿಯುವವರಿಗಾ, ಗೊತ್ತಿದ್ದವರಿಗಾ?" ಎಂದು ಕೇಳಿದ. ಪ್ರೇಮಾನಂದರು ಅಂಥ ಸಣ್ಣ ಪ್ರಶ್ನೆಗೆ ಉತ್ತರಿಸಲಿಲ್ಲ. ಕಪಾಟಿನಲ್ಲಿದ್ದವನ್ನು ಒಂದೊಂದಾಗಿ ಕೈಯಲ್ಲಿ ತೂಗಿ, ಎಲ್ಲಕ್ಕಿಂತ ಭಾರವಾದ ಇಂಗ್ಲಿಷ್ ಪುಸ್ತಕವನ್ನು ಆರಿಸಿದರು. ಪಳಗಿದ ಎಂಜಿನಿಯರುಗಳಿಗೆಂದೇ ಬರೆದದ್ದೆಂದು ಅದರ ಮುನ್ನುಡಿಯಲ್ಲಿತ್ತು. ಪ್ರೇಮಾನಂದರು ಮುನ್ನುಡಿ ಓದುವ ಪೈಕಿಯಲ್ಲ.

"ಮೈಕ್ರೋ ಅಂದ್ರೆ ಸಣ್ಣದ್ ಅಂಬ್ರ್. ಪುಸ್ತಕ ಎಂತಕ್ ಅಕ್ಕಿ ಮುಡಿ ಹಾಂಗೆ ಇತ್ತ್?" ಸರೋಜ ಕೇಳಿದರು.

"ಸಣ್ಣದ್ರ ಒಳಗೆ ದೊಡ್ಡದ್ ಇಪ್ಪುದೇ ವಿಜ್ಞಾನ" ಎಂದು ಪ್ರೇಮಾನಂದರು ಕನ್ನಡಕ ಏರಿಸಿದರು.

ಮೊದಲ ಅಧ್ಯಾಯದಲ್ಲೇ ಅವರ ಬಾಯಿ ಕಿವಿಯವರೆಗೆ ಹೋಯಿತು. ಇದಕ್ಕೆ ಪೋರ್ಟ್ ಇದೆಯಂತೆ. ಗಂಗೊಳ್ಳಿ ಬಂದರಿನ ದೋಣಿಗಳಿಗೆ ಹಗ್ಗ ಮಾರಿದವರಿಗೆ ಪೋರ್ಟಿನ ಪಾಠವೇ? ಅದರೊಳಗೆ ಬಸ್ಸೂ ಓಡುತ್ತದಂತೆ. ಕೊಲ್ಲೂರು ಬಸ್ಸಿನಲ್ಲಿ ನೇತಾಡಿ ಹೋದವರಿಗೆ ಅದನ್ನೂ ವಿವರಿಸಬೇಕಾಗಿಲ್ಲ. ಹೀಗೆ ಗೊತ್ತಿದ್ದ ಶಬ್ದಗಳ ಮೇಲೆ ಕಾಲಿಟ್ಟುಕೊಂಡು ಎರಡನೆಯ ಅಧ್ಯಾಯದ ಬಾಗಿಲಿಗೆ ಬಂದರು. ಅಲ್ಲಿ ನಿದ್ದೆ ಬಂತು. ಆಮೇಲೆ ಯಾವಾಗ ಆ ಬಾಗಿಲು ತಟ್ಟಿದರೂ ನಿದ್ದೆಯೇ ಬಂದು ತೆರೆಯುತ್ತಿತ್ತು.

ಚಿಪ್ ತಯಾರಿಸಿದವರೇ ಬರೆದಿಟ್ಟ ವಿವರ, ಅಂದರೆ ಡೇಟಾಶೀಟ್ ಓದದೆ ಈ ವಿದ್ಯೆ ಹತ್ತುವುದಿಲ್ಲವೆಂದು ಇಂಟರ್ನೆಟ್ಟಿನಲ್ಲಿ ಯಾರೋ ಬರೆದಿದ್ದರು. ಶೀಟ್ ಎಂದರೆ ಒಂದು ಹಾಳೆ ತಾನೆ? ಕುಂದಾಪುರದ ಕಿಟ್ಟನ ಜೆರಾಕ್ಸ್ ಅಂಗಡಿಗೆ ಹೋಗಿ, ಮೊಬೈಲಿನಿಂದ ಅದನ್ನು ಕಳಿಸಿ, "ಈ ಶೀಟ್ ಒಂದ್ ಪ್ರಿಂಟ್ ತೆಗ್ದಿಡ್" ಎಂದು ಹೇಳಿ ಚಹಾ ಕುಡಿಯಲು ಹೋದರು. ಚಹಾ ಮುಗಿಸಿ ಬಂದರೆ ಕಿಟ್ಟ ಬೆವರು ಒರೆಸಿಕೊಳ್ಳುತ್ತಿದ್ದ.

"ಪ್ರೇಮಣ್ಣ, ಅಂಗ್ಡಿಯ ಕಾಗ್ದ ಮುಗೀತ್. ನಿಮ್ಮ್ ಶೀಟ್ ಮುಗೀಲಿಲ್ಲೆ."

ಗೊತ್ತಿಲ್ಲದೆ ಹೇಳಿದೆ ಎಂದು ಒಪ್ಪಿಕೊಳ್ಳುವ ಬಾಬತ್ತೇ ಅಲ್ಲ. "ಪೂರ್ತಿ ಬೇಕ್. ಬೈಂಡ್ ಮಾಡ್" ಎಂದು ಎದೆಯುಬ್ಬಿಸಿ ಹೇಳಿ, ಅದನ್ನು ರಿಕ್ಷಾದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಮನೆಗೆ ತಂದರು.

ಕೊನೆಗೆ ವಿಡಿಯೋಗಳ ಸರದಿ. ಸಿಕ್ಕಿದ್ದೆಲ್ಲ ಹಿಂದಿ. ಹಪ್ಪಳ ಒತ್ತುತ್ತಿದ್ದ, ಮುಂಬೈಯಲ್ಲಿ ಬೆಳೆದ ಸರೋಜರೇ ಅನುವಾದಕಿ.

"ಈಗ ಎಂತ ಹೇಳ್ದ?"

"ಗಂಟೆ ಒತ್ತುಕಂಬ್ರ್."

ಪ್ರೇಮಾನಂದರು ಬೋರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. ದಪ್ಪ ಪುಸ್ತಕದ ಪದಸೂಚಿಯಲ್ಲಿ ಹುಡುಕಿದರು. ಡೇಟಾಶೀಟಿನ ಚಿತ್ರಗಳನ್ನೆಲ್ಲ ಭೂತಕನ್ನಡಿ ಹಿಡಿದು ಜಾಲಾಡಿದರು. ಗಂಟೆ ಎಲ್ಲೂ ಸಿಗಲಿಲ್ಲ. ಅದು ಮೊಬೈಲಿನ ಪರದೆಯಲ್ಲೇ ಇದ್ದ, ಮುಂದಿನ ವಿಡಿಯೋ ಬಂದಾಗ ತಿಳಿಸುವ ಗಂಟೆಯೆಂದು ಗೊತ್ತಾಗುವಷ್ಟರಲ್ಲಿ ಒಂದು ಭಾನುವಾರ ಕಳೆದಿತ್ತು.

ಆದರೂ ಪ್ರೇಮಾನಂದರು ಬಿಡುವ ಆಸಾಮಿಯಲ್ಲ. ಅಲ್ಲಿಷ್ಟು ಇಲ್ಲಿಷ್ಟು ಹೆಕ್ಕಿ, ಜೋಡಿಸಿ, ಕೆಡಿಸಿ, ಮತ್ತೆ ಜೋಡಿಸಿ, ಒಂದು ಸಂಜೆ ಬೋರ್ಡಿಗೆ ಸಿಕ್ಕಿಸಿದ ಚಿಕ್ಕ ದೀಪವನ್ನು ಹೊತ್ತಿಸಿ ಆರಿಸಿಯೇ ಬಿಟ್ಟರು. ಬೋರ್ಡಿಗೆ ಕಳಿಸುವ ಪ್ರೋಗ್ರಾಮಿನಲ್ಲಿ 'ಹೈ' ಎಂದು ಬರೆದರೆ ಹೊತ್ತುತ್ತದೆ, 'ಲೋ' ಎಂದು ಬರೆದರೆ ಆರುತ್ತದೆ. ಅವರಿಗೆ ಕಣ್ಣು ತುಂಬಿ ಬಂತು. ಇಷ್ಟು ವಯಸ್ಸಿಗೆ ತನ್ನ ಮಾತು ಕೇಳುವ ಒಂದು ವಸ್ತು ಈ ಮನೆಯಲ್ಲಿ ಸಿಕ್ಕಿತಲ್ಲ ಎಂದು.

"ಕಾಣ್, ಹ್ಯಾಂಗ್ ಮಿಣುಕ್ತತ್ತ್ ಕಾಣ್."

ಸರೋಜ ಬಗ್ಗಿ ನೋಡಿದರು. "ಲಾಯ್ಕ್ ಇತ್ತ್. ಆದ್ರೆ ಮಿಣುಕುಹುಳ ಇಷ್ಟೆಲ್ಲ ಪುಸ್ತಕ ಓದಿತ್ತಾ?"

ರವಿಚಂದ್ರ ಬಂದ. ಬಿಳಿ ಪ್ಯಾಂಟು, ಬಿಳಿ ಬೂಟು. ಮರುದಿನ ಬೆಳಿಗ್ಗೆಯೇ ಉದ್ಘಾಟನೆ ಎಂದು ಪ್ರೇಮಾನಂದರು ಸಾರಿದರು. ಬಲೆ ತೇಲಿಸಲು ಕಟ್ಟುವ ಬೆಂಡಿಗೆ ಸ್ವಿಚ್ಚು ಜೋಡಿಸಿ ಟ್ಯಾಂಕಿನೊಳಗೆ ಇಳಿಬಿಟ್ಟಿದ್ದರು. ನೀರು ಏರಿ ಬೆಂಡು ಮೇಲೆ ಬಂದರೆ ಬೋರ್ಡು 'ಲೋ' ಎನ್ನಬೇಕು, ಪಂಪು ನಿಲ್ಲಬೇಕು. ಪಂಪಿಗೆ ಕರೆಂಟು ಕೊಡುವ, ತಡೆಯುವ ಕೆಲಸಕ್ಕೆ ರಿಲೇ ಎಂಬ ನೀಲಿ ಡಬ್ಬಿಯೊಂದನ್ನು ಆ ದಿನವೇ ಮೊದಲ ಬಾರಿಗೆ ಸಿಕ್ಕಿಸಿದರು. ದೀಪ ಕೇಳಿದ ಮಾತನ್ನು ಡಬ್ಬಿ ಕೇಳದೆ ಇರುತ್ತದೆಯೆ?

ಸರೋಜ ಮಾತ್ರ ಹುಷಾರು. ತಾರಸಿಯಲ್ಲಿ ರವಿಚಂದ್ರನ ಪಾಲಿನ ಹಪ್ಪಳವೆಲ್ಲ ಹರಡಿತ್ತು. ಇವತ್ತಿಡೀ ಪಂಪಿನ ಕೆಲಸವೇ ಬೀಳದಿರಲಿ ಎಂದು ಮುಂಚೆಯೇ ಟ್ಯಾಂಕು ತುಂಬಿಸಿ ಇಟ್ಟಿದ್ದರು.

"ಒಳ್ಳೇದೇ ಆಯ್ತ್" ಎಂದರು ಪ್ರೇಮಾನಂದರು ತಾರಸಿಯ ಮೇಲಿನಿಂದ. "ತುಂಬಿದ್ ಟ್ಯಾಂಕಿಗೆ ಪಂಪ್ ಸುರು ಆಪುದಿಲ್ಲ. ಅದೇ ಇದ್ರ ಬುದ್ಧಿ. ರವಿ, ಆ ಉಕ್ಕಿದ್ ನೀರ್ ಬಪ್ಪ ಪೈಪಿನ್ ಅಡಿಗೆ ನಿಲ್. ಒಂದ್ ಹನಿ ಬತ್ತಾ ಕಾಣ್. ಸರೋಜಾ, ಸ್ವಿಚ್ ಹಾಕ್."

ಕೆಳಗಿದ್ದ ಸರೋಜ ಸ್ವಿಚ್ ಹಾಕಿದರು. ಬಾವಿಕಟ್ಟೆಯ ಪಂಪು ಗುಂಯ್ ಎಂದಿತು.

ಉಕ್ಕಿದ ನೀರು ಮೊದಲು ಬಿಳಿ ಪ್ಯಾಂಟನ್ನು ಅಭಿಷೇಕ ಮಾಡಿ ನಂತರ ಹಪ್ಪಳದ ಕಡೆ ಹೊರಟಿತು. "ಆಫ್ ಮಾಡ್, ಆಫ್ ಮಾಡ್" ಎಂದು ಪ್ರೇಮಾನಂದರು ಕೈಬೀಸಿ ಕುಣಿದರು. ಪಂಪಿನ ಸದ್ದಿನಲ್ಲಿ ಕೆಳಗಿನವರಿಗೆ ಕುಣಿತ ಮಾತ್ರ ಕಂಡಿತು. ಯಜಮಾನರು ಗೆದ್ದ ಸಂತೋಷದಲ್ಲಿದ್ದಾರೆ ಎಂದುಕೊಂಡು ಸರೋಜ ಚಪ್ಪಾಳೆ ತಟ್ಟಿದರು. ದಿಕ್ಕು ತೋಚದ ಪ್ರೇಮಾನಂದರು ಏಣಿ ಹತ್ತಿ, ಟ್ಯಾಂಕಿನೊಳಗೆ ಕೈ ಹಾಕಿ, ಬೆಂಡನ್ನು ಕೆಳಗೆ ಅದುಮಿದರು. ಪಂಪು ನಿಂತಿತು. ಬಿಟ್ಟರು. ಗುಂಯ್ ಎಂದಿತು. ಟ್ಯಾಂಕು ಖಾಲಿಯಿದೆ ಎಂದು ಸುಳ್ಳು ಹೇಳಿದರೆ ಮಾತ್ರ ಅದು ಸುಮ್ಮನಿರುತ್ತಿತ್ತು. ರವಿಚಂದ್ರ ಬೂಟಿನ ನೀರು ಚೆಲ್ಲುತ್ತ ಕೆಳಗಿಳಿದು ಸ್ವಿಚ್ ತೆಗೆಸುವವರೆಗೆ ಪ್ರೇಮಾನಂದರು ಹೆಗಲವರೆಗೆ ತೋಳು ಮುಳುಗಿಸಿಕೊಂಡು ಹಾಗೇ ಸುಳ್ಳು ಹೇಳುತ್ತ ನಿಂತಿದ್ದರು. ಅಲ್ಲಿಂದ ಕಾಣುತ್ತಿದ್ದ ಹಪ್ಪಳವೆಲ್ಲ ಮರಳಿ ಹಿಟ್ಟಾಗಿತ್ತು. ಅವರಿಗೆ ಆ ಹೊತ್ತಿಗೆ ಟ್ಯಾಂಕಿನೊಳಗೇ ಇಳಿದುಬಿಡೋಣ ಅನ್ನಿಸಿತು.

ಮಧ್ಯಾಹ್ನದ ಬಸ್ಸಿಗೆ ಬಂದ ಸೌಜನ್ಯ ಬೋರ್ಡು ನೋಡಿದಳು, ನೀಲಿ ಡಬ್ಬಿ ನೋಡಿದಳು, ಬಗ್ಗಿ ಮೇಜಿನ ಕಾಲಡಿಯಿಂದ ಸಪೂರ ಪುಸ್ತಕವನ್ನು ಎಳೆದಳು. ಮೇಜು ವಾಲಿ, ದಪ್ಪ ಪುಸ್ತಕ ಜಾರಿ ಪ್ರೇಮಾನಂದರ ಕಾಲ್ಬೆರಳ ಮೇಲೆ ಬಿತ್ತು. ಅಷ್ಟು ದಿನಗಳಲ್ಲಿ ಅದರಿಂದ ಅವರಿಗೆ ನಾಟಿದ ಮೊದಲ ವಿಷಯ ಅದೇ.

"ಕೆಲವು ರಿಲೇ ಹೀಂಗೇ ಅಪ್ಪಯ್ಯ. ಲೋ ಅಂದ್ರೆ ಓಡುದ್, ಹೈ ಅಂದ್ರೆ ನಿಲ್ಲುದ್. ಇದ್ರಲ್ಲಿ ಬರ್ದಿತ್ತ್ ಕಾಣಿ. ನಿಮ್ಗ್ ದಪ್ಪದ್ದೇ ಬೇಕಿತ್ತಲ್ದಾ, ಈ ಅಕ್ಷರ ದಪ್ಪವೇ ಇತ್ತ್."

"ಹೇಳುದೊಂದ್, ಮಾಡುದೊಂದಾ?" ಪ್ರೇಮಾನಂದರಿಗೆ ಅಳುವೇ ಬಂತು. "ನಿಲ್ಲ್ ಅಂದ್ರೆ ಓಡುಕೆ ಅದಕ್ಕೆಂತ ಮಂಡೆ ಸಮ ಇಲ್ಯಾ?"

ಚಾಪೆಯಿಂದ ಹಿಟ್ಟು ಬಳಿಯುತ್ತಿದ್ದ ಸರೋಜ ತಲೆಯೆತ್ತಿದರು. "ನೀವ್ ದಿನಾ ಅಂಗ್ಡಿಗ್ ಹೊರಡತಿಗೆ ಎಂತ ಹೇಳ್ತ್ರಿ?"

"ಬತ್ತೆ ಅಂತ ಹೇಳ್ತೆ."

"ಹೇಳುದ್ ಬತ್ತೆ, ಮಾಡುದ್ ಹೋಪುದ್. ಹೋತೆ ಅಂತ ಬಾಯಲ್ ಹೇಳುಕಾಗ ಅಲ್ದಾ? ಅದೂ ಹಾಂಗೇ. ನಮ್ಮೂರ್ ಕಡೆದೇ ಇರ್ಕ್ ಆ ನೀಲಿ ಡಬ್ಬಿ."

ದಪ್ಪ ಪುಸ್ತಕದ ಎಂಟು ನೂರು ಪುಟ ಹೇಳದ್ದು ಅವರಿಗೆ ಥಟ್ಟನೆ ಹೊಳೆಯಿತು. ಎಲ್ಲರೂ ನಕ್ಕರು. ರವಿಚಂದ್ರ ಆ ನಗುವಿನ ನಡುವೆಯೇ ಚೀಲದಿಂದ ರೆಡಿಮೇಡ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. "ಬೈಬೇಡಿ ಭಾವ. ಅಕ್ಕನೇ ಫೋನ್ ಮಾಡಿ ತಕಂಡ್ ಬಪ್ಪುಕೆ ಹೇಳಿದ್ದ್."

ಪ್ರೇಮಾನಂದರ ನಗು ಅಲ್ಲೇ ನಿಂತಿತು. ಹೆಂಡತಿಗೂ ತನ್ನ ಮೇಲೆ ನಂಬಿಕೆಯಿರಲಿಲ್ಲವಲ್ಲ. ಬೋರ್ಡನ್ನೂ ಸಪೂರ ಪುಸ್ತಕವನ್ನೂ ಎತ್ತಿಕೊಂಡು ಜಗಲಿಗೆ ಹೋದರು. ಮಗಳು ಸಹಾಯಕ್ಕೆ ಬಂದರೆ ಬೇಡ ಎಂದರು. ಆ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಹೈ ಇದ್ದಲ್ಲಿ ಲೋ, ಲೋ ಇದ್ದಲ್ಲಿ ಹೈ ಮಾಡಿ, ಸಂಜೆ ಮತ್ತೆ ಎಲ್ಲರನ್ನೂ ತಾರಸಿಗೆ ಕರೆದರು. ರವಿಚಂದ್ರ ಕೊಡೆ ಬಿಚ್ಚಿಕೊಂಡು ಮೂಲೆಯಲ್ಲಿ ನಿಂತ.

ನೀರು ಏರಿತು. ಬೆಂಡು ತೇಲಿತು. ಪಂಪು ನಿಂತಿತು. ಪೈಪಿನ ಬಾಯಿಗೆ ಒಂದು ಹನಿಯೂ ಬರಲಿಲ್ಲ. ಪ್ರೇಮಾನಂದರು ಮೀಸೆ ತಿರುವಿಕೊಂಡರು. ಹೇಳಬೇಕಾದದ್ದನ್ನು ಸರೋಜರೇ ಹೇಳಿದರು.

"ರವಿ, ನಿನ್ನ ಡಬ್ಬಿ ನೀನೇ ತಕಂಡ್ ಹೋಗ್. ನಮ್ಮನಿಗೆ ಇವ್ರ್ ಮಾಡಿದ್ದ್ ಇತ್ತ್."

ಪ್ರೇಮಾನಂದರಿಗೆ ಆ ಒಂದು ಮಾತಿಗಾಗಿ ಇನ್ನೊಮ್ಮೆ ಒದ್ದೆಯಾದರೂ ಅಡ್ಡಿಯಿಲ್ಲ ಅನ್ನಿಸಿತು. ಮುಂಬೈಯವರಿಗೆಲ್ಲ ತೋರಿಸಲೆಂದು ರವಿಚಂದ್ರ ಪಂಪಿನ ವಿಡಿಯೋ ಕೂಡ ಮಾಡಿಕೊಂಡ. ಭಾವ ಅದರಲ್ಲಿ ಪಂಪಿಗಿಂತ ಹೆಚ್ಚು ಕಾಣುತ್ತಾರೆ.

ಮರುದಿನ ಬೆಳಿಗ್ಗೆ ಹೊಸ ಹಲಸು ಬಂತು, ಹಪ್ಪಳದ ಕೆಲಸ ಮತ್ತೆ ಶುರುವಾಯಿತು. ಗೆದ್ದ ಹುರುಪಿನಲ್ಲಿದ್ದ ಪ್ರೇಮಾನಂದರಿಗೆ ಈಗ ಪಂಪನ್ನು ಅಂಗಡಿಯಿಂದಲೇ ಮೊಬೈಲಿನಲ್ಲಿ ಆಡಿಸುವ ವಿದ್ಯೆ ಬೇಕಾಗಿತ್ತು. ಪಾಠ ಕಲಿತವರಲ್ಲವೆ, ಈ ಸಲ ಸಪೂರದ್ದೊಂದನ್ನೇ ತರುವುದೆಂದು ನಿಶ್ಚಯಿಸಿ ಉಡುಪಿಗೆ ಹೊರಟರು.

"ಸರೋಜಾ, ಇನ್ನೊಂದ್ ಪುಸ್ತಕ ತಕಂಡ್ ಬತ್ತೆ."

"ಹ್ವಾಯ್, ದಪ್ಪದ್ದೇ ತನ್ನಿ" ಒಳಗಿನಿಂದ ಸರೋಜ ಕೂಗಿದರು.

ಪ್ರೇಮಾನಂದರ ಎದೆ ಮತ್ತೆ ಉಬ್ಬಿತು. ಕೊನೆಗೂ ತನ್ನ ಶಾಸ್ತ್ರವನ್ನು ಹೆಂಡತಿ ಒಪ್ಪಿದಳು ಎಂದುಕೊಂಡು ಚಪ್ಪಲಿ ಬಿಟ್ಟು ಅಡುಗೆಮನೆಗೆ ಇಣುಕಿದರು. ಅಲ್ಲಿ ಪ್ಲಾಸ್ಟಿಕ್ ಹಾಳೆಯ ನಡುವೆ ಹಲಸಿನ ಹಿಟ್ಟಿನ ಉಂಡೆ ಇಟ್ಟು, ಅದರ ಮೇಲೆ ಆ ಮಹಾಗ್ರಂಥವನ್ನು ಇಟ್ಟು, ಎರಡೂ ಕೈಯಿಂದ ಅದುಮುತ್ತಿದ್ದರು ಸರೋಜ.

"ಓದುಕೆ ಸೌಜನ್ಯ ಕೊಟ್ಟ ಸಪೂರದ್ದ್ ಇತ್ತಲ್ದಾ" ಎಂದು, ದುಂಡಗೆ ಒತ್ತಿ ಬಂದ ಹಪ್ಪಳವನ್ನು ಚಾಪೆಗೆ ಹಾಕಿದರು. "ಒತ್ತುಕೆ ದಪ್ಪದ್ದ್ ಒಂದೇ ಸಾಕಾತಿಲ್ಲೆ."