ಬಚ್ಚಲಿಗೊಂದು ಒಳಚಿಲಕ

ಬೇರೆಯವರ ಮನೆಯಲ್ಲಿ ಸಾಮಾನು ಕೆಟ್ಟ ಮೇಲೆ ರಿಪೇರಿ ಆಗುತ್ತದೆ. ನಮ್ಮ ಮನೆಯಲ್ಲಿ ರಿಪೇರಿ ಆದ ಮೇಲೆ ಕೆಡುತ್ತದೆ. ನಾನು ಚಿಕ್ಕೋಡಿಗೆ ಸೊಸೆಯಾಗಿ ಬಂದಾಗಿನಿಂದ ಇದು ನಡೆದೇ ಇದೆ, ನಿಲ್ಲುವ ಲಕ್ಷಣವಿಲ್ಲ. ಕಾರಣ ನಮ್ಮ ಯಜಮಾನರು. ಅವರು ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದರು. ಹಗಲೆಲ್ಲ ಪರರ ಮಾತು ಟೈಪು ಮಾಡಿ ಬೇಸತ್ತೋ ಏನೋ, ಮನೆಗೆ ಬಂದರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಗೋಡೆ ಕಟ್ಟುವ ಗೌಂಡಿ, ಬಡಿಗ, ನಳ ಕೂಡಿಸುವವ, ಎಲ್ಲರೂ ಅವರ ಲೆಕ್ಕದಲ್ಲಿ ಕಳ್ಳರು. ಮನೆಯ ಕೆಲಸ ಮನೆಯವನೇ ಮಾಡಬೇಕು ಎಂದು ಓಣಿಗೆಲ್ಲ ಉಪದೇಶ ಕೊಡುತ್ತಿದ್ದರು. ಓಣಿಯವರು ಜಾಣರು, ಕೇಳಿ ಸುಮ್ಮನಾಗುತ್ತಿದ್ದರು. ಅನುಭವಿಸಿದವಳು ನಾನು.

ನಾನು ಕೇಳಿದ್ದು ಒಂದೇ ಒಂದು: ಬಚ್ಚಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥ ಬಾಗಿಲು. ಇದು ಎಂಬತ್ತರ ದಶಕದ ಮಾತು. ನಮ್ಮ ಬಚ್ಚಲು ಅಡಿಗೆಮನೆಯ ಮೂಲೆಯಲ್ಲಿ, ಒಂದು ಅಡ್ಡಗೋಡೆ, ಬಾಗಿಲಿನ ಬದಲು ಹಳೇ ಸೀರೆ. ಒಳಗೆ ಜಳಕ ಮಾಡುವವರು ನಡುನಡುವೆ ತಂಬಿಗೆ ಬಡಿಯಬೇಕು. ಸಪ್ಪಳ ಕೇಳಿದರೆ ಯಾರೋ ಒಳಗಿದ್ದಾರೆ, ಬರಬಾರದು ಎಂದು ಅರ್ಥ. ನಾನು ಹೆಣ್ಣುಮಕ್ಕಳ ಶಾಲೆಯ ಮಾಸ್ತರಿಣಿ. ಶಾಲೆಯಲ್ಲಿ ಗಂಟೆ ಬಾರಿಸುವ ಮೊದಲು ಮನೆಯಲ್ಲಿ ತಂಬಿಗೆ ಬಾರಿಸಿ ಹೋಗುತ್ತಿದ್ದೆ. ಕೋರ್ಟಿಗೆ ತಾರೀಖಿಗೆಂದು ಬರುವ ಬಳಗದವರೆಲ್ಲ ನಮ್ಮಲ್ಲೇ ಇಳಿಯುವವರು. ಒಮ್ಮೆ ಅಕ್ಕೋಳ ಊರಿನ ನೆಂಟನೊಬ್ಬ ಕಾಲು ತೊಳೆಯಲೆಂದು ಬಂದು ಸೀರೆ ಸರಿಸಿಯೇ ಬಿಟ್ಟ. ಕೈಯಲ್ಲಿದ್ದ ತಂಬಿಗೆಯನ್ನು ಅವನ ಮೋರೆಗೇ ಎಸೆದೆ. ಸಂಜೆ ಯಜಮಾನರಿಗೆ ಹೇಳಿದರೆ, "ಗಾಳಿಗೆ ಸರದಿರಬೇಕ ಬಿಡ" ಎಂದರು. ನನಗೆ ಬಂದ ಸಿಟ್ಟಿಗೆ ಆ ಹೊತ್ತು ಒಲೆಯೇ ಬೇಕಿರಲಿಲ್ಲ, ರೊಟ್ಟಿ ಕೈಯಲ್ಲೇ ಬೇಯುತ್ತಿದ್ದವು.

ನಳ ಬಿಚ್ಚುವ ಮೊದಲು

ಬಾಗಿಲು ಮಾಡಿಸಿರಿ ಎಂದು ಹಟ ಹಿಡಿದೆ. "ಕೆಲಸಕ್ಕ ಒಂದ ಕ್ರಮಾ ಇರತೈತಿ" ಎಂದರು ಯಜಮಾನರು. "ಮೊದಲ ಬಚ್ಚಲದಾಗಿನ ನಳಾ ರಿಪೇರಿ. ಬಾಗಲಾ ಆಮ್ಯಾಲ."

ನಳ ಹನಿ ಹನಿ ಸೋರುತ್ತಿತ್ತು, ನಿಜ. ಆದರೆ ನೀರು ಬಿಡುವ ಹೊತ್ತಿನಲ್ಲೇ, ಅದೂ ಓಣಿಯ ನೀರು ತಡೆಯುವ ಕಾಕು ಬಂದ್ ಮಾಡದೆ, ನಳ ಬಿಚ್ಚುವ ಶಾಣ್ಯಾ ಮನುಷ್ಯ ಯಾರಿದ್ದಾನೆ? ಇವರಿದ್ದರು. ನಳ ಕೈಗೆ ಬಂತು, ನೀರು ಎದೆಗೆ ಬಂತು. ಹೆಬ್ಬೆರಳನ್ನು ಪೈಪಿನ ಬಾಯಿಗೆ ಒತ್ತಿ ಹಿಡಿದು ನಿಂತರು. ಬೆರಳು ತೆಗೆದರೆ ಅಡಿಗೆಮನೆಯೆಲ್ಲ ಹೊಳೆ.

"ಓಣ್ಯಾಗ ಹೋಗಿ ಕಾಕ ಬಂದ್ ಮಾಡಿ ಬರ್ಲ್ಯಾ?" ಎಂದೆ.

"ನಿನಗ ತಿಳಿಯಂಗಿಲ್ಲ, ಮುರದಗಿರದಿ. ನಾ ಹಿಡದೇನಿ, ನೀ ಸುಮ್ಮಕಿರ."

ಸುಮ್ಮನಾದೆ. ಅಡಿಗೆ ಮಾಡಿದೆ, ಉಂಡೆ, ಡಬ್ಬಿ ಕಟ್ಟಿಕೊಂಡೆ. ಯಜಮಾನರು ಗೋಡೆಗೆ ಬೆರಳು ಕೊಟ್ಟು, ನೀರು ಸೋರದಂತೆ ನಳಕ್ಕೆ ಸೂತಳಿ ದಾರ ಹೇಗೆ ಸುತ್ತಬೇಕು, ಅದರ ಮೇಲೆ ಸಫೇತಾ ಎಂಬ ಬಿಳೀ ಬಣ್ಣ ಹೇಗೆ ಹಚ್ಚಬೇಕು ಎಂದು ನನಗೆ ಪಾಠ ಹೇಳುತ್ತಲೇ ಇದ್ದರು. ನಾನು ಚಪ್ಪಲಿ ಮೆಟ್ಟಿಕೊಳ್ಳುವ ಹೊತ್ತಿಗೆ ಊರಿಗೆಲ್ಲ ನೀರು ನಿಂತು ಹೋಗಿತ್ತು. ಇನ್ನು ಬೆರಳು ತೆಗೆಯಬಹುದು ಎಂದು ಹೇಳಲಿಲ್ಲ, ಅವರು ಹೇಳಿದಂತೆ ನಾನು ಸುಮ್ಮನೇ ಇದ್ದೆ. ಅವತ್ತು ಕೋರ್ಟಿಗೆ ತಡವಾಗಿ ಹೋದರಂತೆ, ಹೆಬ್ಬೆರಳು ಮರಗಟ್ಟಿ ಟೈಪು ಮಾಡಲೂ ಆಗಲಿಲ್ಲವಂತೆ.

ಚೌಕಟ್ಟು ನಿಲ್ಲಿಸುವ ಮೊದಲು

ಆಮೇಲೆ ಬಾಗಿಲು ಬಂತು. ಬಡಿಗನಿಂದಲ್ಲ, ಹಳೇ ಕಾಲದ ದೊಡ್ಡ ವಾಡೆಯೊಂದನ್ನು ಕೆಡವುತ್ತಿದ್ದ ಕಡೆಯಿಂದ, ಟೆಂಪೋದಲ್ಲಿ. ಎರಡು ಹಲಗೆಯ ತಲಬಾಗಿಲು, ಹಿತ್ತಾಳೆಯ ಹೂಗಳು, ಮೇಲಿನ ಪಟ್ಟಿಯಲ್ಲಿ ಕೆತ್ತಿದ ಗಣಪತಿ, ಕೆಳಗೆ ಭಾರದ ಹೊಸ್ತಿಲು.

"ಇದ ಬಚ್ಚಲಕ್ಕರೀ?" ಎಂದೆ.

"ಖರೇ ಸಾಗವಾನಿ! ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹುಳಾ ಹತ್ತಂಗಿಲ್ಲ."

ತಾವೇ ಇಟ್ಟಂಗಿ ಒಡೆದು, ತಾವೇ ಸಿಮೆಂಟು ಕಲಸಿ ಚೌಕಟ್ಟು ನಿಲ್ಲಿಸಿದರು. ಸರಪಳಿ ಚಿಲಕ ಗಣಪತಿ ಇದ್ದ ಬದಿಗೇ ಇತ್ತು. ಚಿಲಕ ಒಳಗೆ ಬರಲೆಂದು ಗಣಪತಿಯ ಮೋರೆಯನ್ನು ಬಚ್ಚಲದ ಒಳಗೆ ಮಾಡಿದರು. ನಾನು ಸಿಟ್ಟು ಮರೆತು, ಚಿಲಕ ಹಾಕಿ, ಈ ಮನೆಗೆ ಬಂದ ಮೇಲೆ ಮೊದಲ ಸಲ ತಂಬಿಗೆ ಬಡಿಯದೆ ಜಳಕ ಮಾಡಿದೆ. ಆ ಸುಖ ಒಂದೇ ದಿನದ್ದು. ಮರುದಿನ ಅತ್ತೆ ಜಳಕಕ್ಕೆ ಹೋದವರು ಸೀರೆ ಅರ್ಧ ಬಿಚ್ಚಿ ತಲೆ ಎತ್ತಿದರು, ಹಾಗೇ ಸುತ್ತಿಕೊಂಡು ಹೊರಗೆ ಓಡಿ ಬಂದರು.

"ಯಪ್ಪಾ, ಗಣಪ್ಪ ನನ್ನ ನೋಡಾಕತ್ತಾನಲ್ಲೋ! ಅವನ ಮುಂದ ಜಳಕಾ ಮಾಡ್ಲ್ಯಾ? ತಿರಗಿಸೋ ಮೊದಲ!"

ಚೌಕಟ್ಟು ಕಿತ್ತು, ತಿರುಗಿಸಿ, ಮತ್ತೆ ಸಿಮೆಂಟು ಹಾಕಿದರು. ಗಣಪತಿ ಹೊರಗೆ ಬಂದ, ಅವನ ಜೊತೆ ಚಿಲಕವೂ ಹೊರಗೆ ಬಂತು. "ಒಳಗ ಒಂದ ಸಣ್ಣ ಚಿಲಕಾ ಕೂಡಸ್ರಿ, ನಿಮ್ಮ ಕಾಲ ಬೀಳ್ತೇನಿ" ಎಂದೆ.

"ಹಳೇ ಸಾಗವಾನಿ, ಮೊಳಿ ಹೊಡದರ ಸೀಳತೈತಿ. ಅದಕ್ಕ ಬ್ಯಾರೆ ಹತ್ಯಾರ ಬೇಕು. ನೋಡ್ತೇನಿ."

ಎಷ್ಟೋ ಮಳೆಗಾಲ ನೋಡಿದರು. ದುಡ್ಡು ಕೊಟ್ಟು ತಂದ ತಲಬಾಗಿಲ ಹಿಂದೆ ನಾನು ಮೊದಲಿನಂತೆಯೇ ತಂಬಿಗೆ ಬಡಿಯುತ್ತ ಕೂತೆ. ಗಣಪತಿಯೊಬ್ಬನ ಮಾನ ಉಳಿಯಿತು.

ತಂಬಿಗೆಯನ್ನು ನಂಬುವ ಮೊದಲು

ಬಾಗಿಲು ತೆರೆದಿದ್ದರೆ ಬೆಕ್ಕು ಬರುತ್ತದೆ ಎಂದು, ಕಂಡ ಬಾಗಿಲಿಗೆಲ್ಲ ಚಿಲಕ ಹಾಕುತ್ತ ಹೋಗುವುದು ನಮ್ಮ ಅತ್ತೆಯ ರೂಢಿ. ವಾರ್ಷಿಕ ಪರೀಕ್ಷೆಯ ದಿನ ನಾನು ಒಳಗೆ ತಲೆಗೆ ಸೀಗೆಕಾಯಿ ಹಚ್ಚಿಕೊಂಡು ಕೂತಿದ್ದೆ. ಕೈ ಖಾಲಿ ಇಲ್ಲದ್ದರಿಂದ ತಂಬಿಗೆ ಬಡಿದಿರಲಿಲ್ಲ. ಅತ್ತೆ ಹೊರಗಿನಿಂದ ಚಿಲಕ ಹಾಕಿ, ಆಚೆ ಓಣಿಗೆ ಶ್ಯಾವಿಗೆ ಹೊಸೆಯಲು ಹೋದರು.

ಕೂಗಿದೆ. ಹಂಡೆಯ ಒಲೆಯ ಹೊಗೆಗೆ ಗಂಟಲು ಕಟ್ಟಿ ಹೋಯಿತು. ತಂಬಿಗೆ ತೆಗೆದುಕೊಂಡು ಬಡಿದೆ. ಪಕ್ಕದ ಮನೆಯಾಕೆ ಉಪ್ಪು ಕೇಳಲು ಬಂದದ್ದು ಕೇಳಿಸಿತು, ಇನ್ನೂ ಜೋರಾಗಿ ಬಡಿದೆ. "ಅಕ್ಕಾರ ಜಳಕಕ್ಕ ಕುಂತಾರ, ಆಮ್ಯಾಲ ಬರ್ತೇನ್ರಿ" ಎಂದು ಆ ಪುಣ್ಯಾತ್ಗಿತ್ತಿ ಮರ್ಯಾದೆಯಿಂದ ತಿರುಗಿ ಹೋದಳು. ನಾನು ಬಡಿದಷ್ಟೂ ಜನ ದೂರ ಹೋದರು. ಶಾಲೆಯಲ್ಲಿ ಮಕ್ಕಳು ಪ್ರಶ್ನೆಪತ್ರಿಕೆಗೆ ಕಾಯುತ್ತಿದ್ದರು. ನಾನು ಸಿಟ್ಟಿನಿಂದ ಅಳುತ್ತ ತಂಬಿಗೆಯ ತಳ ಚಪ್ಪಟೆ ಮಾಡುತ್ತಿದ್ದೆ.

ಮಧ್ಯಾಹ್ನ ಊಟಕ್ಕೆಂದು ಯಜಮಾನರು ಬಂದರು. "ಇನ್ನೂ ಆಗಿಲ್ಲೇನ? ನನಗ ಕೈಕಾಲ ತೊಳಕೋಬೇಕು" ಎಂದರು ಹೊರಗಿನಿಂದ.

"ಚಿಲಕಾ ತಗೀರಿ ಮೊದಲ!" ಎಂದು ಚೀರಿದೆ.

ಅವರು ಬಾಗಿಲನ್ನು ಮೇಲಿಂದ ಕೆಳಗಿನವರೆಗೆ ನೋಡಿರಬೇಕು. ಆಮೇಲೆ ಕೇಳಿದರು: "ಹೊರಗಿಂದ ಚಿಲಕಾ ಹಾಕೈತಲ್ಲ, ಮತ್ತ ನೀ ಒಳಗ ಹೆಂಗ ಹೋದಿ?"

ಕೊನೆಗೂ ಬಡಿಗ

ಗಣಪತಿ ಹೊರಗೆ ಬಂದ ಮೇಲೆ ಅತ್ತೆಗೆ ಸಮಾಧಾನವಿರಲಿಲ್ಲ. ಮನೆಯಲ್ಲಿ ಗಣಪತಿ ಇದ್ದು, ಹೊಸ್ತಿಲೂ ಇದ್ದು, ಪೂಜೆ ಇಲ್ಲವೆಂದರೆ ಹೇಗೆ? ಪ್ರತಿ ಶುಕ್ರವಾರ ಬಚ್ಚಲದ ಹೊಸ್ತಿಲಿಗೆ ಅರಿಷಿಣ ಕುಂಕುಮ, ಎದುರು ರಂಗೋಲಿ, ಗಣಪತಿಗೆ ಚೆಂಡುಹೂವಿನ ಮಾಲೆ. ಪೂಜೆ ಮುಗಿಯುವವರೆಗೆ ಯಾರಿಗೂ ಜಳಕವಿಲ್ಲ. ಶುಕ್ರವಾರ ನನ್ನ ಶಾಲೆಗೆ ತಡವಾಗುತ್ತದೆಂದು ಕೂಗಾಡಿದರೆ, "ದೇವರ ಕೆಲಸಕ್ಕ ಅವಸರಾ ಮಾಡಬಾರದು" ಎನ್ನುತ್ತಿದ್ದರು ಯಜಮಾನರು.

ಅಂಥದೊಂದು ಶುಕ್ರವಾರ ಕೊಲ್ಲಾಪುರದ ಕಡೆಯಿಂದ ನನ್ನ ನಾದಿನಿಯ ಅತ್ತೆ ಬಂದರು. ಬಲು ಮಡಿಯ ಮುದುಕಿ, ಮಾತೆಲ್ಲ ಮರಾಠಿ. ನಮ್ಮ ಮನೆಗೆ ಅದೇ ಮೊದಲ ಸಲ. ಮನೆದೇವರಿಗೆ ಕಾಯಿ ಒಡೆಯದೆ ನೀರೂ ಮುಟ್ಟುವುದಿಲ್ಲ ಎಂದು ತೆಂಗಿನಕಾಯಿ ಹಿಡಿದೇ ಒಳಗೆ ಬಂದರು. ನಾನು ಅಡಿಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದೆ. ಮುದುಕಿ ಸುತ್ತಲೂ ನೋಡಿದರು. ಮೂಲೆಯಲ್ಲಿ ಮಾಲೆ ಹಾಕಿದ ಗಣಪತಿ, ಕುಂಕುಮದ ಹೊಸ್ತಿಲು, ರಂಗೋಲಿ. ಸಂದಿಯಿಂದ ಮೆಲ್ಲಗೆ ಹೊಗೆ ಬರುತ್ತಿದೆ, ಅದು ಹಂಡೆಯದು. ಒಳಗಿನಿಂದ ಗಂಡಸಿನ ದನಿಯಲ್ಲಿ ಗಂಗೆ, ಯಮುನೆ, ಗೋದಾವರಿ ಎಂದು ಮಂತ್ರ ಕೇಳುತ್ತಿದೆ. ಮೈಮೇಲೆ ನೀರು ಹಾಕಿಕೊಳ್ಳುವಾಗ ನದಿಗಳನ್ನು ನೆನೆಯುವುದು ನಮ್ಮ ಯಜಮಾನರ ನಿತ್ಯದ ರೂಢಿ.

"ದೇವಘರ ಕಿತೀ ಛಾನ್!" ಎಂದರು ಮುದುಕಿ, ದೇವರಮನೆ ಎಷ್ಟು ಚೆಂದ ಎಂದು ಕೈ ಮುಗಿದು.

ಅಷ್ಟರಲ್ಲಿ ಹಾಲು ಉಕ್ಕಿತು. ನಾನು ಪಾತ್ರೆ ಇಳಿಸಿ ತಿರುಗುವಷ್ಟರಲ್ಲಿ ಹೊಸ್ತಿಲ ಮೇಲೆ ಕಾಯಿ ಒಡೆದಾಗಿತ್ತು. ಮುದುಕಿ ದರ್ಶನಕ್ಕೆಂದು ಎರಡೂ ಹಲಗೆಗಳನ್ನು ಎರಡೂ ಕೈಯಿಂದ ತಳ್ಳಿದರು.

ಒಳಗೆ ಯಜಮಾನರು ಕಣ್ಣು ಮುಚ್ಚಿ ನಿಂತಿದ್ದರು, ಮೈಮೇಲೆ ಸಾಬೂನು ಬಿಟ್ಟರೆ ಬೇರೇನೂ ಇರಲಿಲ್ಲ. ಬಾಗಿಲು ಕಿರ್ರೆಂದದ್ದು ಕೇಳಿ ನಾನೇ ಎಂದುಕೊಂಡು ತಂಬಿಗೆ ಮುಂದೆ ಚಾಚಿದರು. "ಕಣ್ಣಾಗ ಸಾಬೂನ ಹೋಗೇತಿ, ಒಂದೀಟ ನೀರ ಹಾಕ ಬಾ."

"ಅರೇ ದೇವಾ!" ಎಂದು ಮುದುಕಿ ಕೂಗಿದ್ದು ಬಸ್‌ಸ್ಟ್ಯಾಂಡಿಗೆ ಕೇಳಿರಬೇಕು. ಯಜಮಾನರು ಕಣ್ಣು ಬಿಟ್ಟರು. ಆಮೇಲೆ ಬಾಗಿಲು ಮುಚ್ಚಲು ನೋಡಿದರು, ಒಳಗೆ ಹಿಡಿಯಲು ಚಿಲಕವಿಲ್ಲ, ಹಿಡಿಕೆಯಿಲ್ಲ. ಹಂಡೆಯ ಹಿಂದೆ ಕುಕ್ಕರಗಾಲಲ್ಲಿ ಕೂತು, "ಬಾಗಲಾ ಹಾಕ್ರಿ, ಯಾರರೆ ಬಾಗಲಾ ಹಾಕ್ರಿ!" ಎಂದು ಒದರತೊಡಗಿದರು.

"ಗಾಳಿಗೆ ಸರದಿರಬೇಕ ಬಿಡ್ರಿ" ಎಂದೆ ನಾನು.

ಅವತ್ತು ಅವರು ಕೋರ್ಟಿಗೆ ಹೋಗಲಿಲ್ಲ. ಮೈ ಒರೆಸಿಕೊಂಡವರೇ ಹಿತ್ತಲ ಬಾಗಿಲಿನಿಂದ ಹೋಗಿ, ಕಳ್ಳನೆಂದು ಬೈಯುತ್ತಿದ್ದ ಬಡಿಗನನ್ನು ಕೈ ಹಿಡಿದು ಕರೆತಂದರು. ಒಂದು ಚಹಾ ಆರುವುದರೊಳಗೆ ಅವನು ಒಳಗೆ ಚಿಲಕ ಕೂಡಿಸಿದ. ಸಾಗವಾನಿ ಸೀಳಲೂ ಇಲ್ಲ, ಬಿರಿಯಲೂ ಇಲ್ಲ. ನನ್ನ ಮಾನ ಹೋದಾಗ ಬೀಸಿದ್ದು ಗಾಳಿ, ಇವರದು ಹೋದಾಗ ಬಂದದ್ದು ಬಡಿಗ. ಇದನ್ನು ಅವರ ಮುಖಕ್ಕೇ ಹೇಳಿದೆ, ಬಳಗದ ಮುಂದೆಯೇ ಹೇಳಿದೆ.

ಒಡೆದ ಕಾಯಿಯನ್ನು ಏನು ಮಾಡುವುದೆಂದು ಯಾರಿಗೂ ತಿಳಿಯದೆ ಅದು ಹೊಸ್ತಿಲ ಮೇಲೆಯೇ ಬಿದ್ದಿತ್ತು. ನಾನು ಎತ್ತಿಕೊಂಡೆ, ಒಳಗೆ ಹೋಗಿ ಚಿಲಕ ಹಾಕಿದೆ, ಕಲ್ಲಿನ ಮೇಲೆ ಕೂತು ನಿಧಾನವಾಗಿ ಒಬ್ಬಳೇ ತಿಂದೆ. ಮುದುಕಿ ಏನು ಬೇಡಿಕೊಂಡಿದ್ದರೋ ಗೊತ್ತಿಲ್ಲ, ಪ್ರಸಾದ ಮಾತ್ರ ನನ್ನದೇ. ಹೊರಗಿನಿಂದ ಯಜಮಾನರು ಬಾಗಿಲು ತಟ್ಟಿ, "ಏನ ಮಾಡಾಕತ್ತಿ ಒಳಗ?" ಎಂದು ಕೇಳಿದರು. ತಂಬಿಗೆಯನ್ನು ಎತ್ತಿ ಒಂದೇ ಸಲ ಬಡಿದೆ.